ರೈಲಿಳಿದ ಮೇಲಿನ ಎರಡು ಮೈಲಿ

ಮೈಸೂರು ಜಂಕ್ಷನ್ನಿನಿಂದ ಮೂರು ದಿಕ್ಕಿಗೆ ರೈಲುದಾರಿ ಹೊರಡುತ್ತದೆ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ದಾಟಿ ಬೆಂಗಳೂರಿಗೆ ಹೋಗುವುದು ಒಂದು. ಬೆಳಗೊಳ, ಕೃಷ್ಣರಾಜನಗರ, ಹೊಳೆನರಸೀಪುರದ ಮೇಲೆ ಹಾಸನ, ಅರಸೀಕೆರೆಯ ಕಡೆಗೆ ಸಾಗುವುದು ಇನ್ನೊಂದು. ಊರೊಳಗೇ ಇರುವ ಚಾಮರಾಜಪುರಂ, ಅಶೋಕಪುರಂ ನಿಲ್ದಾಣಗಳನ್ನು ಹಾದು ಕಡಕೊಳ, ನಂಜನಗೂಡು, ಚಾಮರಾಜನಗರಕ್ಕೆ ಇಳಿಯುವುದು ಮತ್ತೊಂದು. ಮೂರೂ ಹಳೆಯ ದಾರಿಗಳೇ. 1876–78ರ ಭೀಕರ ಬರದ ಕಾಲದಲ್ಲಿ ಹಸಿದ ಜನಕ್ಕೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಬೆಂಗಳೂರಿನ ದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. 1891ರಲ್ಲಿ ಅದು ನಂಜನಗೂಡಿನವರೆಗೆ ಬೆಳೆಯಿತು. ಅಲ್ಲಿಂದ ಚಾಮರಾಜನಗರಕ್ಕೆ ಹಳಿ ಬಿದ್ದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 2011ರ ಜನಗಣತಿಯಲ್ಲಿ ಒಂಬತ್ತು ಲಕ್ಷದ ಆಸುಪಾಸಿನಲ್ಲಿದ್ದ ಈ ನಗರಕ್ಕೆ ದಿನನಿತ್ಯದ ಓಡಾಟದ ರೈಲು ಬೇಕೆಂದರೆ ಹೊಸ ಭೂಮಿ ಹುಡುಕಬೇಕಾಗಿಲ್ಲ. ಹಳಿ ನೂರು ವರ್ಷದಿಂದ ನೆಲದ ಮೇಲೇ ಇದೆ.

ಓಡಾಟದ ರೈಲೇ ಬೇರೆ, ದೂರದ ಊರಿಗೆ ಹೋಗುವ ರೈಲೇ ಬೇರೆ. ಚೆನ್ನೈಗೋ ಮುಂಬೈಗೋ ಹೋಗುವವನು ತಿಂಗಳ ಮೊದಲೇ ಸೀಟು ಕಾಯ್ದಿರಿಸಿ, ಆ ಒಂದು ರೈಲಿಗಾಗಿ ಗಂಟೆ ಮುಂಚೆ ಬಂದು ಕೂರುತ್ತಾನೆ. ನಂಜನಗೂಡಿನಿಂದ ಮೈಸೂರಿನ ಕೋರ್ಟಿಗೆ ಬರುವ ಗುಮಾಸ್ತನಿಗೆ ಅಷ್ಟೆಲ್ಲ ಸಾವಧಾನವಿಲ್ಲ. ಎಂಟು ಗಂಟೆಯ ರೈಲು ತಪ್ಪಿದರೆ ಎಂಟೂವರೆಗೆ ಇನ್ನೊಂದು ಇದೆ ಎಂಬ ಭರವಸೆ ಅವನಿಗೆ ಬೇಕು. ಆ ಭರವಸೆ ಇಲ್ಲದ ಕಡೆ ಜನ ರೈಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಸಲ ತಪ್ಪಿಸಿಕೊಂಡವರು ಮರುದಿನದಿಂದ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ, ಇಲ್ಲವೇ ಸ್ಕೂಟರ್ ಕೊಳ್ಳುತ್ತಾರೆ. ಓಡಾಟದ ರೈಲಿನಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಎರಡು ರೈಲುಗಳ ನಡುವಿನ ಅಂತರ.

ಬೆಂಗಳೂರಿನ ದಾರಿಯಲ್ಲಿ ಇಂಥ ಓಡಾಟ ಬಹಳ ಕಾಲದಿಂದ ಇದೆ. ಚಾಮುಂಡಿ ಎಕ್ಸ್‌ಪ್ರೆಸ್ ಎಂದರೆ ಮೈಸೂರು, ಮಂಡ್ಯ, ಮದ್ದೂರು, ಚನ್ನಪಟ್ಟಣದ ನೌಕರರಿಗೆ ಕಚೇರಿಯ ಗಾಡಿ. ಬೆಳಗ್ಗೆ ಹೋಗಿ ಸಂಜೆ ಅದರಲ್ಲೇ ಮರಳುತ್ತಾರೆ. ಬೆಳಗಿನ ಮಂಡ್ಯ ಪ್ಲಾಟ್‌ಫಾರಂ ನೋಡಿದರೆ ಇದು ಗೊತ್ತಾಗುತ್ತದೆ: ಹೆಗಲಿಗೆ ಊಟದ ಡಬ್ಬಿಯ ಚೀಲ, ಮೊಬೈಲಿನ ಕವರಿನ ಹಿಂದೆ ಸಿಕ್ಕಿಸಿದ ಪಾಸು, ಯಾವ ಬೋಗಿ ಎಲ್ಲಿ ನಿಲ್ಲುತ್ತದೆಂದು ಅಂದಾಜಿಸಿ ಆ ಕಂಬದ ಬಳಿಯೇ ಗುಂಪಾಗಿ ನಿಂತ ಜನ. ವರ್ಷಗಟ್ಟಲೆ ಒಟ್ಟಿಗೆ ಓಡಾಡಿ ಅವರೊಳಗೆ ಗೆಳೆತನ ಬೆಳೆದಿರುತ್ತದೆ. ಒಬ್ಬರು ನಾಲ್ಕು ದಿನ ಕಾಣದಿದ್ದರೆ ಉಳಿದವರು ಮನೆಗೆ ಫೋನ್ ಮಾಡುತ್ತಾರೆ. ರೈಲ್ವೆ ಸೀಸನ್ ಟಿಕೆಟ್ ಕೊಡುವುದು 150 ಕಿಲೋಮೀಟರಿನವರೆಗೆ. ಮೈಸೂರು–ಬೆಂಗಳೂರು 140 ಕಿಲೋಮೀಟರಿನ ಒಳಗೇ ಇರುವುದರಿಂದ ಇಡೀ ದಾರಿಗೂ ಪಾಸು ಸಿಗುತ್ತದೆ. ಇಷ್ಟು ದೂರವನ್ನು ದಿನಾ ಓಡಾಡುವ ಬದುಕು ಸಾಧ್ಯವಾಗಿರುವುದೇ ಆ ಪಾಸಿನಿಂದ.

ಈ ದಾರಿಯಲ್ಲಿ ರೈಲುಗಳು ಹೆಚ್ಚಲು ಕಾರಣ ಜೋಡಿ ಹಳಿ. ಜೋಡಿ ಹಳಿಯ ಕೆಲಸ ಕೊನೆಯಲ್ಲಿ ಸಿಕ್ಕಿಕೊಂಡದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದು ಹೊಸ ಹಳಿ ಹೋಗಬೇಕಾದ ಜಾಗದಲ್ಲೇ ನಿಂತಿತ್ತು. ಕೆಡವುವಂತಿರಲಿಲ್ಲ, ಹಳಿಯನ್ನು ಬಳಸಿ ಒಯ್ಯಲು ಜಾಗವೂ ಇರಲಿಲ್ಲ. ಕೊನೆಗೆ ಸುಮಾರು ಸಾವಿರ ಟನ್ ತೂಗುವ ಆ ಇಟ್ಟಿಗೆ–ಗಾರೆಯ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆಗಳನ್ನು ಕೊಟ್ಟು, ಜಾಕ್‌ಗಳ ಮೇಲೆ ಎತ್ತಿ, 2017ರಲ್ಲಿ ಇಡಿಯಾಗಿ ನೂರು ಮೀಟರಿನಷ್ಟು ಆಚೆಗೆ ಸರಿಸಿದರು. ಅಲ್ಲಿಯವರೆಗೆ ಒಂದೂವರೆ ಕಿಲೋಮೀಟರಿನಷ್ಟು ಜಾಗದಲ್ಲಿ ಒಂಟಿ ಹಳಿ ಉಳಿದದ್ದರಿಂದ ಇಡೀ ದಾರಿಯ ರೈಲುಗಳು ಸರದಿ ಕಾಯಬೇಕಾಗಿತ್ತು. ಹಳಿಯ ವಿಷಯದಲ್ಲಿ ಎಲ್ಲಕ್ಕಿಂತ ಇಕ್ಕಟ್ಟಿನ ಜಾಗ ಯಾವುದೋ ಅದೇ ಇಡೀ ದಾರಿಯ ಶಕ್ತಿಯನ್ನು ನಿರ್ಧರಿಸುತ್ತದೆ.

ಉಳಿದ ಎರಡು ದಾರಿಗಳ ತೊಡಕು ಇದೇ. ಚಾಮರಾಜನಗರದ 61 ಕಿಲೋಮೀಟರ್ ದಾರಿ ಒಂಟಿ ಹಳಿಯದು, ಹಾಸನದ ದಾರಿಯೂ ಅಷ್ಟೆ. ಒಂಟಿ ಹಳಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬಹುದು. ಎದುರಿನಿಂದ ಬರುವ ಗಾಡಿ ನಿಲ್ದಾಣದ ಪಕ್ಕದ ಹಳಿಯಲ್ಲಿ ನಿಂತು ಕಾಯಬೇಕು. ಪ್ರಯಾಣಿಕರು ‘ಕ್ರಾಸಿಂಗ್ ಇದೆ’ ಎಂದು ಕಿಟಕಿಯಿಂದ ಇಣುಕುವುದು ಆಗಲೇ. ಎರಡು ನಿಲ್ದಾಣಗಳ ನಡುವೆ ಎಂಟು ಕಿಲೋಮೀಟರ್ ಇದ್ದರೆ ಅದನ್ನು ದಾಟಲು ಹತ್ತು ನಿಮಿಷ, ಹಳಿ ತೆರವಾಗಿ ಸಿಗ್ನಲ್ ಬೀಳಲು ಮತ್ತೆ ನಾಲ್ಕೈದು ನಿಮಿಷ. ಹಾಗಾಗಿ ಎರಡೂ ದಿಕ್ಕಿಗೆ ಸೇರಿ ಗಂಟೆಗೆ ನಾಲ್ಕು ಗಾಡಿ ಓಡಿಸಿದರೇ ಹೆಚ್ಚು. ಪಕ್ಕದ ಹಳಿಯೇ ಇಲ್ಲದ ಹಾಲ್ಟ್‌ಗಳಲ್ಲಿ ಕ್ರಾಸಿಂಗ್ ಆಗುವುದಿಲ್ಲ, ಅಲ್ಲಿ ಈ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ. ಜೊತೆಗೆ ಗೂಡ್ಸ್ ಗಾಡಿಗೂ ಜಾಗ ಬಿಡಬೇಕು. ಇಂದು ಚಾಮರಾಜನಗರದ ಕಡೆಗೆ ಎರಡು ರೈಲುಗಳ ನಡುವೆ ಗಂಟೆಗಟ್ಟಲೆ ಅಂತರವಿದೆ. ಅದನ್ನು ಅರ್ಧ ಗಂಟೆಗೆ ತರಲು ಮೊದಲೇ 61 ಕಿಲೋಮೀಟರಿಗೂ ಜೋಡಿ ಹಳಿ ಬೇಕಿಲ್ಲ. ನಂಜನಗೂಡಿನವರೆಗಿನ ಸುಮಾರು 25 ಕಿಲೋಮೀಟರಿನಲ್ಲಿ ಸರಿಯಾದ ಜಾಗ ನೋಡಿ ಕ್ರಾಸಿಂಗ್ ಹಳಿಗಳನ್ನು ಹಾಕಿದರೆ ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆಯ ಮಟ್ಟಿಗೆ ಅದು ಸಾಧ್ಯ. ಜೋಡಿ ಹಳಿಯ ಬೇಡಿಕೆಯ ಗದ್ದಲದಲ್ಲಿ ಈ ಸಣ್ಣ ಕೆಲಸ ಮರೆತುಹೋಗಬಾರದು.

ಗಾಡಿಯ ಬಗೆಯೂ ಮುಖ್ಯ. ಎಂಜಿನ್ ಎಳೆಯುವ ರೈಲು ಕೊನೆಯ ನಿಲ್ದಾಣ ತಲುಪಿದ ಮೇಲೆ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ತಂದು ಜೋಡಿಸಬೇಕು. ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇದೆ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಸಾಕು, ಗಾಡಿ ತಿರುಗಿದಂತೆಯೇ. ಮೋಟಾರುಗಳು ಒಂದೇ ಕಡೆ ಇರದೆ ಬೋಗಿಗಳ ನಡುವೆ ಹಂಚಿಕೊಂಡಿರುವುದರಿಂದ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ನಾಲ್ಕೈದು ಕಿಲೋಮೀಟರಿಗೊಮ್ಮೆ ನಿಲ್ಲುವ ದಾರಿಯಲ್ಲಿ ಪ್ರತಿ ನಿಲುಗಡೆಗೆ ಉಳಿಯುವ ಒಂದೊಂದು ನಿಮಿಷವೂ ಕೊನೆಗೆ ದೊಡ್ಡದಾಗುತ್ತದೆ. ಖರ್ಚಿನ ಹೋಲಿಕೆಗೆ ಬೆಂಗಳೂರನ್ನು ನೋಡಬಹುದು. ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿದ ಅಲ್ಲಿನ ಉಪನಗರ ರೈಲು ಯೋಜನೆ 148 ಕಿಲೋಮೀಟರಿನದು, ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಕಿಲೋಮೀಟರಿಗೆ ನೂರು ಕೋಟಿಗೂ ಮೇಲೆ. ಅದು ಹೊಸದಾಗಿ ಹಳಿ ಹಾಕಿ ಕಟ್ಟುವ ದಾರಿ. ಮೈಸೂರಿನಂಥ ಊರಿಗೆ ಅಷ್ಟು ದೊಡ್ಡ ಮೊತ್ತ ಸಿಗುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಆದರೆ ರೈಲು ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾರ ಕಚೇರಿಯೂ ಪ್ಲಾಟ್‌ಫಾರಂ ಮೇಲಿಲ್ಲ. ಹತ್ತು ನಿಮಿಷದಲ್ಲಿ ಮನುಷ್ಯ 800 ಮೀಟರ್ ನಡೆಯುತ್ತಾನೆ ಎಂದುಕೊಂಡರೆ, ನಿಲ್ದಾಣವನ್ನು ನಡುವಿಟ್ಟು ಎಳೆದ ಆ ವೃತ್ತದೊಳಗೆ ಸುಮಾರು ಎರಡು ಚದರ ಕಿಲೋಮೀಟರ್ ಊರು ಸಿಗುತ್ತದೆ. ಅದೇ ಹತ್ತು ನಿಮಿಷ ನಿಧಾನವಾಗಿ ಸೈಕಲ್ ತುಳಿದರೆ ಎರಡೂವರೆ ಕಿಲೋಮೀಟರ್. ವೃತ್ತದ ವಿಸ್ತಾರ ಇಪ್ಪತ್ತು ಚದರ ಕಿಲೋಮೀಟರಿನ ಹತ್ತಿರ ಹೋಗುತ್ತದೆ. ದೂರ ಮೂರು ಪಟ್ಟು, ತಲುಪುವ ಊರು ಹತ್ತು ಪಟ್ಟು. ಮೈಸೂರು ಜಂಕ್ಷನ್ನಿನ ಸುತ್ತ ಆ ದೊಡ್ಡ ವೃತ್ತ ಎಳೆದರೆ ಸಿಎಫ್‌ಟಿಆರ್‌ಐ, ಕೆ.ಆರ್. ಆಸ್ಪತ್ರೆ, ದೇವರಾಜ ಮಾರುಕಟ್ಟೆ, ಅರಮನೆ ಎಲ್ಲವೂ ಒಳಗೆ ಬೀಳುತ್ತವೆ. ಚಾಮರಾಜಪುರಂ ನಿಲ್ದಾಣದ ವೃತ್ತದಲ್ಲಿ ನ್ಯಾಯಾಲಯಗಳು, ಮಹಾರಾಜ ಕಾಲೇಜು, ಯುವರಾಜ ಕಾಲೇಜು, ವಿಶ್ವವಿದ್ಯಾಲಯದ ಕ್ರಾಫರ್ಡ್ ಭವನ, ಕುಕ್ಕರಹಳ್ಳಿ ಕೆರೆಯ ಆಚೆಗಿನ ಮಾನಸಗಂಗೋತ್ರಿ. ಹಂಚಿಕೆಯ ಸೈಕಲ್ ರೈಲಿಗೆ ಸೇರಬೇಕಾದದ್ದು ಇಲ್ಲಿ.

ಬಾಡಿಗೆ ಸೈಕಲ್ ಕನ್ನಡ ನಾಡಿನ ಊರುಗಳಿಗೆ ಹೊಸದಲ್ಲ. ಬಸ್ ಸ್ಟ್ಯಾಂಡಿನ ಎದುರೋ ರೈಲ್ವೆ ಸ್ಟೇಷನ್ನಿನ ಬದಿಯಲ್ಲೋ ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುವ ಅಂಗಡಿ ಒಂದಾದರೂ ಇರುತ್ತಿತ್ತು. ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಎಣ್ಣೆ ಕಲೆ ಹತ್ತಿದ ಉದ್ದನೆಯ ನೋಟ್‌ಪುಸ್ತಕ, ಅದರಲ್ಲಿ ಹೆಸರು ಮತ್ತು ಹೊರಟ ಹೊತ್ತು. ಗುರುತಿನವರಾದರೆ ಠೇವಣಿ ಇಲ್ಲ, ಹೊಸಬರಾದರೆ ಯಾರಾದರೂ ಜಾಮೀನು ಹೇಳಬೇಕು. ಹೊರಡುವ ಮೊದಲು ಗಾಳಿ, ಬ್ರೇಕು ನೋಡಿಕೊಡುವುದು ಅಂಗಡಿಯವನ ಕೆಲಸ. ನಂಬಿಕೆ, ಲೆಕ್ಕ, ರಿಪೇರಿ ಮೂರೂ ಒಬ್ಬ ಮನುಷ್ಯನಲ್ಲೇ ಇದ್ದ ಆ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಅದರ ಮಿತಿ ಒಂದೇ: ತೆಗೆದುಕೊಂಡ ಅಂಗಡಿಗೇ ತಂದು ಬಿಡಬೇಕು. ಎಲ್ಲಿಯೋ ತೆಗೆದುಕೊಂಡು ಇನ್ನೆಲ್ಲಿಯೋ ಬಿಡುವ ಪ್ರಯತ್ನವನ್ನು 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಲವು ಯುವಕರು ಬಿಳಿ ಬಣ್ಣ ಬಳಿದ, ಬೀಗವಿಲ್ಲದ ಸೈಕಲ್‌ಗಳಿಂದ ಮಾಡಿದರು. ಅದು ಹೆಚ್ಚು ದಿನ ನಡೆಯಲಿಲ್ಲ. ತೆಗೆದುಕೊಂಡವರು ಯಾರೆಂದು ಗೊತ್ತಾಗುವ ಕಾರ್ಡು ಬಂದ ಮೇಲೆ, 2005ರಲ್ಲಿ ಲಿಯಾನ್, 2007ರಲ್ಲಿ ಪ್ಯಾರಿಸ್ ನಗರಗಳಲ್ಲಿ ಅದು ದೊಡ್ಡದಾಗಿ ನೆಲೆಗೊಂಡಿತು. ಅಂಗಡಿಯವನ ನೋಟ್‌ಪುಸ್ತಕದ ಜಾಗಕ್ಕೆ ಕಾರ್ಡು ಬಂದಿತು.

ಮೈಸೂರಿನ ‘ಟ್ರಿಣ್ ಟ್ರಿಣ್’ ಜೂನ್ 2017ರಲ್ಲಿ ಶುರುವಾಯಿತು. ನಗರಪಾಲಿಕೆ ಮತ್ತು ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಸೇರಿ, ಜಾಗತಿಕ ಪರಿಸರ ನಿಧಿಯ ನೆರವಿನಿಂದ ಕಟ್ಟಿದ ಇದು ದೇಶದಲ್ಲಿ ಸರ್ಕಾರ ಮುಂದೆ ನಿಂತು ಮಾಡಿದ ಮೊದಲ ಸೈಕಲ್ ಹಂಚಿಕೆ ಯೋಜನೆಗಳಲ್ಲಿ ಒಂದು. ಆಗ ಐವತ್ತರಷ್ಟು ನಿಲ್ದಾಣ, 450 ಸೈಕಲ್ ಇದ್ದವು. ಹೆಸರು ನೋಂದಾಯಿಸಿ ಠೇವಣಿ ಕಟ್ಟಿದರೆ ಕಾರ್ಡು; ಕಾರ್ಡು ತೋರಿಸಿದರೆ ಸೈಕಲ್ ಬೀಗ ಬಿಡುತ್ತಿತ್ತು; ಯಾವ ನಿಲ್ದಾಣದಲ್ಲಾದರೂ ಮರಳಿ ಸಿಕ್ಕಿಸಬಹುದಿತ್ತು. ಎರಡನೆಯ ಹಂತದ ನಗರವೊಂದು ಹಲವು ಮಹಾನಗರಗಳಿಗಿಂತ ಮೊದಲೇ ಇದಕ್ಕೆ ಕೈ ಹಾಕಿದ್ದು ಮೆಚ್ಚಬೇಕಾದ ಮಾತು.

ಅದು ಇಡೀ ನಗರದ ಅಭ್ಯಾಸವಾಗಿ ಬೆಳೆಯದೆ ಹೋದದ್ದಕ್ಕೆ ಮೊದಲ ಕಾರಣ ಸಂಖ್ಯೆ. ಇಂಥ ಯೋಜನೆ ರೂಪಿಸುವವರು ಸಾಮಾನ್ಯವಾಗಿ ಹಿಡಿಯುವ ಅಳತೆ ಹೀಗಿದೆ: ಯೋಜನೆ ಹರಡಿರುವ ಪ್ರದೇಶದ ಪ್ರತಿ ಸಾವಿರ ಜನಕ್ಕೆ 10ರಿಂದ 30 ಸೈಕಲ್, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸುಮಾರು 300 ಮೀಟರ್, ಪ್ರತಿ ಸೈಕಲ್ಲಿಗೆ ಎರಡಕ್ಕಿಂತ ಹೆಚ್ಚು ಬೀಗದ ಕಂಬ. ಒಂಬತ್ತು ಲಕ್ಷ ಜನರ ಊರಿಗೆ 450 ಎಂದರೆ ಸಾವಿರ ಜನಕ್ಕೆ ಅರ್ಧ ಸೈಕಲ್. ಇಡೀ ಊರನ್ನು ಲೆಕ್ಕ ಹಿಡಿಯದೆ ಅರ್ಧ ಊರನ್ನೇ ಹಿಡಿದರೂ ಒಂದು. ಮೃಗಾಲಯದ ಹತ್ತಿರ ನಾಲ್ಕು, ಅರಮನೆಯ ಹತ್ತಿರ ಹತ್ತು ಎಂದು ಚೆಲ್ಲಿದಾಗ ಎಲ್ಲ ಬಡಾವಣೆಗೂ ಪಾಲು ಕೊಟ್ಟಂತೆ ಕಾಣುತ್ತದೆ, ಆದರೆ ಯಾರಿಗೂ ಬೇಕಾದ ಹೊತ್ತಿಗೆ ಸೈಕಲ್ ಸಿಗುತ್ತದೆಂಬ ಖಾತ್ರಿ ಇರುವುದಿಲ್ಲ. ಪ್ರವಾಸಿ ಸಂಜೆ ಒಂದು ಸುತ್ತು ಹೊಡೆಯಲು ಅಷ್ಟು ಸಾಕು. ಒಂಬತ್ತೂವರೆಗೆ ಹಾಜರಿ ಹಾಕಬೇಕಾದವರಿಗೆ ಸಾಲದು. ಇರುವಷ್ಟು ಸೈಕಲ್‌ಗಳನ್ನು ಮೂರು ರೈಲು ನಿಲ್ದಾಣಗಳು ಮತ್ತು ಅವುಗಳ ಸುತ್ತಲಿನ ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಒತ್ತಾಗಿ ಇಟ್ಟು, ಅಲ್ಲಿಂದ ಹೊರಗೆ ಬೆಳೆಸುವುದೇ ಸರಿಯಾದ ದಾರಿ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ರೈಲಿನ ಪ್ರಯಾಣಕ್ಕೆ ಎರಡು ತುದಿ ಇವೆ, ಮನೆಯದು ಮತ್ತು ಕಚೇರಿಯದು. ಮನೆಯ ತುದಿಯಲ್ಲಿ ಜನಕ್ಕೆ ತಮ್ಮದೇ ವಾಹನವಿರುತ್ತದೆ. ಮಂಡ್ಯದಲ್ಲೋ ನಂಜನಗೂಡಿನಲ್ಲೋ ಸ್ಕೂಟರನ್ನು ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು ರೈಲು ಹತ್ತುತ್ತಾರೆ. ಮೈಸೂರಿನಲ್ಲಿ ಇಳಿದಾಗ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಹಂಚಿಕೆಯ ಸೈಕಲ್ಲಿನ ಕೊರತೆ ಇರುವುದು ಈ ಎರಡನೆಯ ತುದಿಯಲ್ಲಿ. ನೆದರ್‌ಲೆಂಡ್ಸ್ ಇದನ್ನು ಮೊದಲೇ ಕಂಡುಕೊಂಡಿತು. ಅಲ್ಲಿ ರೈಲು ಹತ್ತುವವರಲ್ಲಿ ಸುಮಾರು ಅರ್ಧದಷ್ಟು ಜನ ಮನೆಯಿಂದ ಸೈಕಲ್ಲಿನಲ್ಲೇ ನಿಲ್ದಾಣಕ್ಕೆ ಬರುತ್ತಾರೆ. ಮೂರೂವರೆ ಲಕ್ಷ ಜನರ ಉಟ್ರೆಕ್ಟ್ ನಗರದ ರೈಲು ನಿಲ್ದಾಣದಡಿ 12,500 ಸೈಕಲ್ ನಿಲ್ಲುವ ತಾಣ 2019ರಲ್ಲಿ ಪೂರ್ಣಗೊಂಡಿತು. ಅಷ್ಟಿದ್ದರೂ ಇಳಿಯುವ ತುದಿಗೆಂದೇ ‘ಓವಿ ಫೀಟ್ಸ್’ ಎಂಬ ಬೇರೆ ಬಾಡಿಗೆ ಸೈಕಲ್ ವ್ಯವಸ್ಥೆ ಬೇಕಾಯಿತು. ರೈಲಿನ ಕಾರ್ಡನ್ನೇ ತೋರಿಸಿ ನೀಲಿ–ಹಳದಿ ಸೈಕಲ್ ತೆಗೆದುಕೊಂಡು ಹೋಗುವುದು, ಸಂಜೆ ಅದೇ ನಿಲ್ದಾಣಕ್ಕೆ ತಂದು ಬಿಟ್ಟು ರೈಲು ಹತ್ತುವುದು. ದರ ಗಂಟೆಗಲ್ಲ, ದಿನಕ್ಕೆ.

ದಿನದ ಲೆಕ್ಕದ ಬಾಡಿಗೆ ಯಾಕೆ ಎಂಬುದು ಗಮನಿಸಬೇಕಾದ ಸಂಗತಿ. ರೈಲು ಜನರನ್ನು ಒಬ್ಬೊಬ್ಬರಾಗಿ ತರುವುದಿಲ್ಲ, ಇನ್ನೂರು ಮುನ್ನೂರು ಜನರನ್ನು ಒಂದೇ ನಿಮಿಷಕ್ಕೆ ಇಳಿಸುತ್ತದೆ. ಎಲ್ಲಿ ಬೇಕಾದರೂ ಬಿಡುವ ಪದ್ಧತಿಯಲ್ಲಿ ಬೆಳಗಿನ ಮೊದಲ ರೈಲಿಗೇ ನಿಲ್ದಾಣ ಖಾಲಿಯಾಗಿ, ಎರಡನೆಯ ರೈಲಿನವರು ಬರಿಯ ಕಂಬಗಳ ಮುಂದೆ ನಿಲ್ಲುತ್ತಾರೆ. ಅತ್ತ ಕಾಲೇಜಿನ ಬಳಿ ಸಿಕ್ಕಿಸಲು ಕಂಬವೇ ಸಿಗದೆ ಪರದಾಡುತ್ತಾರೆ. ಆಗ ಲಾರಿಯಲ್ಲಿ ತುಂಬಿ ಅತ್ತಿಂದಿತ್ತ ಸಾಗಿಸಬೇಕು. ಹಂಚಿಕೆ ಯೋಜನೆಗಳ ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು ಈ ಸಾಗಾಟ. ದಿನದ ಬಾಡಿಗೆಯಲ್ಲಿ ಒಬ್ಬರಿಗೆ ಒಂದು ಸೈಕಲ್ ಹಿಡಿದಿಟ್ಟಂತಾಗುತ್ತದೆ, ನಿಜ. ಆದರೆ ಸಂಜೆ ಅದು ತಾನಾಗಿಯೇ ಮರಳುತ್ತದೆ, ಲಾರಿ ಬೇಕಿಲ್ಲ. ಪಾಸುದಾರರಿಗೆ ದಿನದ ಬಾಡಿಗೆ, ಊರೊಳಗೆ ಓಡಾಡುವವರಿಗೆ ಗಂಟೆಯ ಬಾಡಿಗೆ, ಎರಡನ್ನೂ ಒಟ್ಟಿಗೆ ಇಡಬಹುದು. ಹಳೆಯ ಸೈಕಲ್ ಅಂಗಡಿಯ ಮಿತಿ ಎಂದು ಮೇಲೆ ಹೇಳಿದ್ದೇ ರೈಲು ನಿಲ್ದಾಣದ ಮಟ್ಟಿಗೆ ಅನುಕೂಲವಾಗುತ್ತದೆ.

ತಮ್ಮದೇ ಸೈಕಲ್ಲನ್ನು ರೈಲಿನಲ್ಲಿ ಒಯ್ಯಬಹುದಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿ ಅದನ್ನು ಲಗೇಜ್ ಎಂದು ಬುಕ್ ಮಾಡಿ ಬ್ರೇಕ್‌ವ್ಯಾನಿನಲ್ಲಿ ಹಾಕಬೇಕು. ದಿನಾ ಆಗುವ ಕೆಲಸವಲ್ಲ. ನೆದರ್‌ಲೆಂಡ್ಸಿನಲ್ಲೂ ಕಚೇರಿಯ ಹೊತ್ತಿನಲ್ಲಿ ಮಡಚದ ಸೈಕಲ್ಲನ್ನು ರೈಲಿಗೆ ಹತ್ತಿಸುವಂತಿಲ್ಲ.

ರೈಲು, ಸೈಕಲ್ ಎರಡನ್ನೂ ಜೋಡಿಸಲು ನಿಜವಾದ ಅಡ್ಡಿ ಇರುವುದು ಆಡಳಿತದಲ್ಲಿ. ರೈಲು, ಹಳಿ, ನಿಲ್ದಾಣದ ಅಂಗಳ ಎಲ್ಲವೂ ಕೇಂದ್ರದ್ದು. ಇವನ್ನು ನಡೆಸುವ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ. ಸೈಕಲ್ ನಗರಪಾಲಿಕೆಯದು, ಬಸ್ಸು ಕೆಎಸ್‌ಆರ್‌ಟಿಸಿಯದು. ನಿಲ್ದಾಣದ ಬಾಗಿಲಿಗೆ ಹತ್ತಿರದ ಜಾಗ ವಾಹನ ನಿಲುಗಡೆಯ ಗುತ್ತಿಗೆಗೆ ಹೋಗಿರುತ್ತದೆ, ಅದರಿಂದ ರೈಲ್ವೆಗೆ ವರಮಾನವಿದೆ. ಸೈಕಲ್ ಕಂಬಗಳಿಗೆ ಆ ಜಾಗ ಬಿಟ್ಟರೆ ವರಮಾನ ಯಾರು ತುಂಬಿಕೊಡಬೇಕೆಂಬ ಪ್ರಶ್ನೆ ಬರುತ್ತದೆ. ಬಾಗಿಲಿನಿಂದ ಮುನ್ನೂರು ಹೆಜ್ಜೆ ಆಚೆ, ಕಾಂಪೌಂಡಿನ ಹೊರಗೆ ಕೊಟ್ಟ ಸೈಕಲ್ ಸ್ಟ್ಯಾಂಡನ್ನು ಆತುರದಲ್ಲಿ ಇಳಿದವರು ಹುಡುಕಿಕೊಂಡು ಹೋಗುವುದಿಲ್ಲ, ಎದುರಿಗೆ ನಿಂತ ಆಟೋ ಹತ್ತುತ್ತಾರೆ. ಹೀಗಾಗಿ ಯೋಜನೆಯ ಮೊದಲ ಕಾಗದ ಜಾಗದ ಒಪ್ಪಂದವೇ ಆಗಬೇಕು, ಸೈಕಲ್ ಖರೀದಿಯ ಟೆಂಡರ್ ಆಮೇಲೆ. ಸೀಸನ್ ಟಿಕೆಟ್ಟನ್ನು ಈಗ ಫೋನಿನಲ್ಲೇ ಕೊಳ್ಳಬಹುದಾದ್ದರಿಂದ ಅದರ ಜೊತೆಗೇ ಸೈಕಲ್ ಬಾಡಿಗೆಯನ್ನೂ ಸೇರಿಸುವುದು ತಂತ್ರಜ್ಞಾನದ ಮಟ್ಟಿಗೆ ಕಷ್ಟವೇನಲ್ಲ.

ಮಹಿಳೆಯರ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಜೂನ್ 2023ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದರವಿಲ್ಲ. ರೈಲಿನ ಪಾಸು ಎಷ್ಟೇ ಅಗ್ಗವಾದರೂ ಉಚಿತದ ಮುಂದೆ ನಿಲ್ಲಲಾರದು. ಸಮಯ ಉಳಿಯುವುದು, ಕೂರಲು ಜಾಗ ಸಿಗುವುದು, ಮಹಿಳಾ ಬೋಗಿಯ ನೆಮ್ಮದಿ, ಇವಿಷ್ಟರಿಂದಲೇ ರೈಲು ಅವರನ್ನು ಸೆಳೆಯಬೇಕು. ರಾಜ್ಯ ಸರ್ಕಾರ ಪಾಸಿನ ಹಣದಲ್ಲಿ ಪಾಲು ಹೊತ್ತರೆ ಇನ್ನೂ ಒಳ್ಳೆಯದು. ಸೈಕಲ್ಲಿನ ಮಟ್ಟಿಗೆ ಮಾತ್ರ ಕರ್ನಾಟಕಕ್ಕೆ ಒಂದು ದೊಡ್ಡ ಅನುಕೂಲವಿದೆ. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು. ಆಗ ಸಮವಸ್ತ್ರದಲ್ಲಿ ಸಾಲಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋದ ಹಳ್ಳಿಯ ಹುಡುಗಿಯರು ಈಗ ಗಾರ್ಮೆಂಟ್ಸ್‌ನಲ್ಲಿ, ಆಸ್ಪತ್ರೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ಹೆಂಗಸರು. ಅವರಿಗೆ ಸೈಕಲ್ ಕಲಿಸಬೇಕಾಗಿಲ್ಲ. ನಡುವಿನ ಪೈಪು ಕೆಳಗಿಳಿದ, ಸೀರೆಯುಟ್ಟೂ ಹತ್ತಬಹುದಾದ ಸೈಕಲ್, ಚೈನಿಗೆ ಪೂರ್ತಿ ಮುಚ್ಚಳ, ಮುಂದೆ ಚೀಲ ಇಡುವ ಬುಟ್ಟಿ ಕೊಟ್ಟರೆ ಸಾಕು.

ರಸ್ತೆಯ ಕೆಲಸ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ಮೈಸೂರಿನ ಮರದ ನೆರಳಿನ ಹಳೆಯ ಅಗಲ ರಸ್ತೆಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ನಿಲ್ದಾಣದಿಂದ ಹೊರಡುವ ಮೊದಲ ಒಂದು ಕಿಲೋಮೀಟರಿನಲ್ಲಿ ಬಸ್ಸು, ಆಟೋಗಳ ನಡುವೆ ನುಸುಳದೆ ಹೋಗುವ ಪ್ರತ್ಯೇಕ ಪಟ್ಟಿ ಇದ್ದರೆ ಉಳಿದದ್ದು ತಾನಾಗಿ ಆಗುತ್ತದೆ. ಬರಿಯ ಬಣ್ಣದ ಪಟ್ಟಿ ಎಳೆದರೆ ಅಲ್ಲಿ ಕಾರು ನಿಲ್ಲುತ್ತದೆ. ಕಲ್ಲಿನ ಅಂಚು ಕಟ್ಟಬೇಕು.

ಇದೆಲ್ಲವನ್ನೂ ಮೊದಲು ಪರೀಕ್ಷಿಸಲು ನಂಜನಗೂಡಿನ ದಾರಿಗಿಂತ ಒಳ್ಳೆಯ ಜಾಗವಿಲ್ಲ. 1735ರದ್ದೆನ್ನಲಾದ, ರಸ್ತೆಯೂ ಮೀಟರ್‌ಗೇಜ್ ಹಳಿಯೂ ಒಟ್ಟಿಗೆ ಹಾದುಹೋಗುತ್ತಿದ್ದ ಕಪಿಲಾ ನದಿಯ ಹಳೆಯ ಸೇತುವೆ ಈ ದಾರಿಯ ಗುರುತು. ಹಳಿ ಅಗಲವಾದ ಮೇಲೆ ಗಾಡಿಗಳು ಹೊಸ ಸೇತುವೆಯ ಮೇಲೆ ಓಡುತ್ತವೆ. ಇಲ್ಲಿ ಓಡಾಟ ಒಂದೇ ಕಡೆಗಿಲ್ಲ. ಬೆಳಗ್ಗೆ ನಂಜನಗೂಡು, ಕವಲಂದೆಯವರು ಓದಲು, ಕೋರ್ಟಿಗೆ, ಆಸ್ಪತ್ರೆಗೆ ಮೈಸೂರಿಗೆ ಬಂದರೆ, ಮೈಸೂರಿನವರು ಕಡಕೊಳ, ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಗಾಡಿ ಎರಡೂ ದಿಕ್ಕಿಗೆ ತುಂಬಿಯೇ ಓಡಬಲ್ಲದು, ಸೈಕಲ್ಲೂ ಎರಡೂ ತುದಿಯಲ್ಲಿ ಬಳಕೆಗೆ ಬರುತ್ತದೆ. ಕಡಕೊಳದಂಥ ನಿಲ್ದಾಣದಲ್ಲಿ ಇಳಿದರೆ ಕಾರ್ಖಾನೆಯ ಗೇಟಿಗೆ ಆಟೋ ಸುಲಭಕ್ಕೆ ಸಿಗುವುದಿಲ್ಲ, ನಡೆದರೆ ದೂರ. ಅಲ್ಲಿನ ಕೆಲಸ ಪಾಳಿಯದು. ಆರು ಗಂಟೆಯ ಪಾಳಿಗೆ ಐದೂಕಾಲಿಗೆ ಮೈಸೂರು ಬಿಡುವ ಗಾಡಿ ಬೇಕು, ರಾತ್ರಿ ಹತ್ತಕ್ಕೆ ಪಾಳಿ ಬಿಟ್ಟವರಿಗೆ ಹತ್ತೂವರೆಯ ಗಾಡಿ ಬೇಕು. ಸೈಕಲ್ಲಿಗೆ ಡೈನಮೋ ದೀಪ, ಗೇಟಿನಿಂದ ಸ್ಟೇಷನ್ನಿನವರೆಗೆ ಬೀದಿದೀಪ, ಮತ್ತು ಆ ಹೊತ್ತಿನಲ್ಲೂ ಪಂಕ್ಚರ್ ಆದ ಸೈಕಲ್ಲನ್ನು ಪಕ್ಕಕ್ಕಿಟ್ಟು ಗಾಳಿ ಇರುವ ಇನ್ನೊಂದನ್ನು ಕೊಡುವ ಒಬ್ಬ ಮನುಷ್ಯ ಅಲ್ಲಿರಬೇಕು.